ಡಿಶ್ ತಿರುಗಿಸುವ ಮೊದಲು ಗಡಿಯಾರ ನೋಡಿ

ಟಿವಿ ಪೂರ್ತಿ ನಿಂತುಹೋದರೆ ರಿಪೇರಿ ಸುಲಭ. ಬರುತ್ತದೆ, ಹೋಗುತ್ತದೆ, ರಿಪೇರಿಯವನು ಬಂದು ಕುಳಿತೊಡನೆ ಮತ್ತೆ ಚೆನ್ನಾಗಿ ಬರುತ್ತದೆ. ಕಷ್ಟವಿರುವುದು ಇಂಥದ್ದರಲ್ಲಿ. ತಿಪಟೂರಿನ ನನ್ನ ಅಂಗಡಿಗೆ ಬರುವ ಡಿಶ್ ದೂರುಗಳು ಹೆಚ್ಚುಕಡಿಮೆ ಈ ಬಗೆಯವೇ. ನಾನು ಹೋಗುವಷ್ಟರಲ್ಲಿ ಮನೆಯವರಲ್ಲಿ ಯಾರಾದರೊಬ್ಬರು ತಾರಸಿ ಹತ್ತಿ, ನಟ್ಟು ಸಡಿಲಿಸಿ, ಡಿಶ್ಶನ್ನು ಅತ್ತ ಇತ್ತ ತಿರುಗಿಸಿ ಆಗಿರುತ್ತದೆ. ಮೂಲದ ತೊಂದರೆ ಯಾವುದು, ಇವರು ಮಾಡಿಟ್ಟದ್ದು ಯಾವುದು ಎಂದು ಬಿಡಿಸುವುದರಲ್ಲೇ ಅರ್ಧ ದಿನ ಹೋಗುತ್ತದೆ. ಆದ್ದರಿಂದ ಸ್ಪ್ಯಾನರ್ ಕೆಳಗಿಡಿ. ಚಿತ್ರ ಯಾವಾಗ ಹೋಗುತ್ತದೆ ಎಂಬುದನ್ನು ಒಂದು ವಾರ ಕ್ಯಾಲೆಂಡರಿನ ಮೇಲೆಯೇ ಬರೆದಿಡಿ: ಗಾಳಿಗೋ, ಮಳೆಗೋ, ನಡುಮಧ್ಯಾಹ್ನವೋ, ರಾತ್ರಿಯೋ. ಕಾರಣದ ಮುಕ್ಕಾಲು ಭಾಗ ಅದರಲ್ಲೇ ಸಿಗುತ್ತದೆ.

ಇಲ್ಲಿ ಹೇಳುತ್ತಿರುವುದು ದೂರದರ್ಶನದ ಉಪಗ್ರಹ ಟಿವಿ ಸೇವೆಯಾದ ಡಿಡಿ ಫ್ರೀ ಡಿಶ್ ಬಗ್ಗೆ. ಅಲ್ಯೂಮಿನಿಯಂ ಕಡ್ಡಿಗಳ ಹಳೆಯ ಆಂಟೆನಾ ಇನ್ನೂ ಕೆಲವು ತಾರಸಿಗಳ ಮೇಲಿದೆ, ಆದರೆ ದೂರದರ್ಶನದ ಹಳೆಯ ಅನಲಾಗ್ ಟ್ರಾನ್ಸ್‌ಮಿಟರ್‌ಗಳನ್ನು 2022ರ ಹೊತ್ತಿಗೆ ಬಹುತೇಕ ನಿಲ್ಲಿಸಿಬಿಟ್ಟರು. ಅದೀಗ ಕಾಗೆ ಕೂರುವುದಕ್ಕಷ್ಟೇ. ಫ್ರೀ ಡಿಶ್ ಶುರುವಾದದ್ದು 2004ರಲ್ಲಿ. ತಿಂಗಳ ಬಾಡಿಗೆ ಇಲ್ಲ, ಆದ್ದರಿಂದಲೇ ಹಳ್ಳಿಗಳಲ್ಲಿ ಉಳಿದುಕೊಂಡಿದೆ. ಅದರ ಚಾನೆಲ್‌ಗಳು ಬರುವುದು 2015ರ ನವೆಂಬರಿನಲ್ಲಿ ಫ್ರೆಂಚ್ ಗಯಾನಾದಿಂದ ಮೇಲೇರಿದ ಜಿಸ್ಯಾಟ್-15 ಉಪಗ್ರಹದಿಂದ. ಪೂರ್ವ ರೇಖಾಂಶ 93.5 ಡಿಗ್ರಿಯಲ್ಲಿ, ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ಅದು ಇದೆ.

ಹಳೆಯ ಆಂಟೆನಾದಲ್ಲಿ ಸಿಗ್ನಲ್ ಕುಗ್ಗಿದರೆ ಚಿತ್ರದ ಮೇಲೆ ಚುಕ್ಕಿ ಬೀಳುತ್ತಿತ್ತು, ಆದರೂ ವಾರ್ತೆ ಓದುವವರ ಮುಖ ಕಾಣುತ್ತಿತ್ತು. ಡಿಜಿಟಲ್‌ನಲ್ಲಿ ಹಾಗಿಲ್ಲ. ಒಂದು ಮಟ್ಟದವರೆಗೆ ಚಿತ್ರ ಲಕಲಕ ಎನ್ನುತ್ತದೆ, ಅದಕ್ಕಿಂತ ಕೂದಲೆಳೆಯಷ್ಟು ಕೆಳಗಿಳಿದರೆ ಚೌಕ ಚೌಕವಾಗಿ ಒಡೆದು ನಿಂತುಬಿಡುತ್ತದೆ. ಅಂದರೆ ಬಿಸಿಲಿನ ದಿನ ಚೆನ್ನಾಗಿ ಕಾಣುವ ಡಿಶ್ ಆ ಅಂಚಿನ ಮೇಲೆಯೇ ನಿಂತಿರಬಹುದು. ಅದನ್ನು ತಿಳಿಯಲು ಟಿವಿಯ ಸೆಟ್‌ಟಾಪ್ ಬಾಕ್ಸಿನ ಮೆನುವಿಗೆ ಹೋಗಿ. ಅಲ್ಲಿ ಎರಡು ಪಟ್ಟಿಗಳಿರುತ್ತವೆ: ಸ್ಟ್ರೆಂತ್ ಮತ್ತು ಕ್ವಾಲಿಟಿ. ಡಿಶ್ ಎದುರುಮನೆಯ ಗೋಡೆ ನೋಡುತ್ತಿದ್ದರೂ ಸ್ಟ್ರೆಂತ್ ಒಂದಿಷ್ಟು ತೋರಿಸುತ್ತದೆ, ಅದನ್ನು ನಂಬಬೇಡಿ. ಕ್ವಾಲಿಟಿ ಎಷ್ಟಿದೆ ಎಂದು ಒಳ್ಳೆಯ ಬಿಸಿಲಿನ ದಿನ ಬರೆದಿಟ್ಟುಕೊಂಡರೆ ಮುಂದೆ ಎಲ್ಲಕ್ಕೂ ಅದೇ ಅಳತೆ.

ಗಾಳಿಯಿಂದ ಶುರುಮಾಡೋಣ, ಏಕೆಂದರೆ ನಮ್ಮದು ತೆಂಗಿನ ಸೀಮೆ. ನೊಣವಿನಕೆರೆ ಕಡೆಯ ಒಂದು ಮನೆಯಲ್ಲಿ ಆಷಾಢ ಬಂತೆಂದರೆ ಟಿವಿ ನಿಮಿಷಕ್ಕೊಮ್ಮೆ ಒಡೆಯುತ್ತಿತ್ತು. ಹಿಂದೆ ಬಂದವರು ಡಿಶ್ಶಿನ ಮುಂದೆ ತೋಳಿನ ತುದಿಯಲ್ಲಿ ಕೂತು ಸಿಗ್ನಲ್ ಹಿಡಿಯುವ ಭಾಗವಾದ ಎಲ್‌ಎನ್‌ಬಿ ಬದಲಿಸಿದ್ದರು, ಕೇಬಲ್ ಬದಲಿಸಿದ್ದರು, ಹಣವನ್ನೂ ತೆಗೆದುಕೊಂಡಿದ್ದರು. ನಾನು ತಾರಸಿಯ ಮೇಲೆ ಡಿಶ್ಶಿನ ಹಿಂದೆ ಕುಕ್ಕರುಗಾಲಲ್ಲಿ ಕುಳಿತು ಸುಮ್ಮನೆ ಮೇಲೆ ನೋಡಿದೆ. ಆಗ್ನೇಯದ ಮೂಲೆಯಲ್ಲಿ ತೆಂಗಿನ ಮರ. ಗಾಳಿ ಬೀಸಿದಾಗ ಒಂದು ಗರಿ ಅಡ್ಡ ಬರುತ್ತಿತ್ತು, ಗಾಳಿ ನಿಂತಾಗ ಸರಿಯುತ್ತಿತ್ತು. ಕೆಳಗಿನಿಂದ ಹುಡುಗ ‘ಹೋಯಿತು’, ‘ಬಂತು’ ಎಂದು ಕೂಗುವುದಕ್ಕೂ ಗರಿಯ ತೂಗಾಟಕ್ಕೂ ತಾಳ ಸರಿಹೊಂದಿತು. ಡಿಶ್ ಹಾಕಿದಾಗ ಅದು ಮೊಣಕಾಲೆತ್ತರದ ಸಸಿಯಾಗಿತ್ತಂತೆ. ವಿಷಯ ಹೇಳಿದಾಗ ಆ ಮನೆಯ ಅಜ್ಜಿ, ‘ಮರದ ಮಾತು ಮಾತ್ರ ಎತ್ತಬೇಡಪ್ಪ’ ಎಂದರು. ಎತ್ತಲಿಲ್ಲ. ಡಿಶ್ಶನ್ನು ತಾರಸಿಯ ಇನ್ನೊಂದು ಮೂಲೆಗೆ ಸಾಗಿಸಿದೆವು.

ಮರ ಅಡ್ಡವೋ ಅಲ್ಲವೋ ಎಂದು ತಿಳಿಯಲು ಡಿಶ್ಶಿನ ಮುಖ ನೋಡಿ ಅಂದಾಜು ಮಾಡಿದರೆ ಮೋಸಹೋಗುತ್ತೀರಿ. ಈ ಡಿಶ್‌ಗಳ ರಚನೆಯೇ ಹಾಗೆ: ಕಣ್ಣಿಗೆ ಎತ್ತ ನೋಡುವಂತೆ ಕಾಣುತ್ತದೋ ಅದಕ್ಕಿಂತ ಇಪ್ಪತ್ತು ಚಿಲ್ಲರೆ ಡಿಗ್ರಿ ಮೇಲಕ್ಕೆ ಅದರ ನಿಜವಾದ ದೃಷ್ಟಿ ಇರುತ್ತದೆ. ತುಮಕೂರು ಜಿಲ್ಲೆಯಿಂದ ನೋಡಿದರೆ ಉಪಗ್ರಹ ಇರುವುದು ಆಗ್ನೇಯಕ್ಕೆ. ಮೊಬೈಲಿನ ದಿಕ್ಸೂಚಿಯಲ್ಲಿ 128 ಡಿಗ್ರಿಯ ಆಸುಪಾಸು, ನೆಲದಿಂದ ಸುಮಾರು 65 ಡಿಗ್ರಿ ಎತ್ತರದಲ್ಲಿ. ದಿಕ್ಸೂಚಿಯನ್ನು ಕಬ್ಬಿಣದ ಕಂಬದ ಪಕ್ಕ ಹಿಡಿಯಬೇಡಿ, ಅದು ಸುಳ್ಳು ಹೇಳುತ್ತದೆ. ಎತ್ತರ ಇಷ್ಟಿರುವುದರಿಂದ ದೂರದ ಮರಗಳಿಂದ ತೊಂದರೆಯಿಲ್ಲ. ಡಿಶ್‌ಗಿಂತ 20 ಅಡಿ ಮೇಲಿರುವ ಗರಿ 10 ಅಡಿ ಆಚೆಗಿದ್ದರೆ ಸಾಕು. ಆದರೆ ಅಳತೆ ಹಿಡಿಯಬೇಕಾದದ್ದು ಗರಿಯ ತುದಿಯಿಂದ, ಬುಡದಿಂದಲ್ಲ. ಗಾಳಿಗೆ ಅದು ಎಷ್ಟು ವಾಲುತ್ತದೋ ಅದನ್ನೂ ಸೇರಿಸಬೇಕು.

ಇದಕ್ಕೆ ಸೂರ್ಯನೇ ಸಾಕ್ಷಿ ಹೇಳುವ ದಿನಗಳು ವರ್ಷದಲ್ಲಿ ಎರಡು ಸಲ ಬರುತ್ತವೆ. ಮಾರ್ಚ್ ಮಧ್ಯದಲ್ಲಿ ಬೆಳಿಗ್ಗೆ ಹನ್ನೊಂದೂ ಹತ್ತರ ಸುಮಾರಿಗೆ, ಸೆಪ್ಟೆಂಬರ್ ಕೊನೆಯಲ್ಲಿ ಹನ್ನೊಂದಕ್ಕೆ ಸ್ವಲ್ಪ ಮುಂಚೆ, ಸೂರ್ಯ ನಮ್ಮ ಕಡೆಯಿಂದ ನೋಡಿದರೆ ಸರಿಯಾಗಿ ಉಪಗ್ರಹದ ಹಿಂದೆಯೇ ನಿಂತಿರುತ್ತಾನೆ. ಆಗ ತಾರಸಿಗೆ ಹೋಗಿ ಡಿಶ್ಶಿನ ಮೇಲೆ ಯಾವುದರ ನೆರಳು ಬಿದ್ದಿದೆ ನೋಡಿ. ಗರಿಯ ನೆರಳು ಬಿದ್ದಿದ್ದರೆ ಆ ಗರಿಯೇ ಕಳ್ಳ. ನೆರಳಿಲ್ಲದೆ, ಪ್ರತಿಫಲಿಸಿದ ಬೆಳಕು ಎಲ್‌ಎನ್‌ಬಿಯ ಮುಖದ ಮೇಲೆ ಕೂಡಿ ಬಿದ್ದಿದ್ದರೆ ಡಿಶ್ಶಿನ ದಿಕ್ಕು ಸರಿಯಾಗಿದೆ. ಸೂರ್ಯನನ್ನು ನೇರವಾಗಿ ನೋಡುವ ಸಾಹಸ ಬೇಡ, ನೆರಳು ಸಾಕು. ಅದೇ ಕೆಲವು ದಿನ ಅದೇ ಹೊತ್ತಿಗೆ ಕೆಲವು ನಿಮಿಷ ಟಿವಿ ಹೋಗುವುದೂ ಉಂಟು. ಸೂರ್ಯನ ಗದ್ದಲದಲ್ಲಿ ಉಪಗ್ರಹದ ದನಿ ಮುಚ್ಚಿಹೋಗಿರುತ್ತದೆ. ಅದಕ್ಕೆ ಮದ್ದಿಲ್ಲ, ಕಾಯಬೇಕು.

ಮರವೇ ಇಲ್ಲದ ಕಡೆ ಗಾಳಿಗೆ ಹೋಗುತ್ತದೆ ಎಂದರೆ ಏನೋ ಅಲುಗಾಡುತ್ತಿದೆ. ಕಂಬ ಹಿಡಿದು ಅಲುಗಿಸಿ. ತಾರಸಿಯ ಮೋಟುಗೋಡೆಗೆ ಹೊಡೆದ ಬೋಲ್ಟುಗಳ ಸುತ್ತ ಗಾರೆ ಪುಡಿಯಾಗಿರುವುದು ಸಾಮಾನ್ಯ. ಆಮೇಲೆ ಒಬ್ಬರನ್ನು ಟಿವಿಯ ಮುಂದೆ ಕೂರಿಸಿ, ಫೋನಿನಲ್ಲಿ ಕ್ವಾಲಿಟಿಯ ಅಂಕಿ ಓದಿಸುತ್ತ, ಡಿಶ್ಶಿನ ಅಂಚನ್ನು ಬೆರಳಿನಿಂದ ಮೆಲ್ಲಗೆ ಒತ್ತಿ: ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ. ಎತ್ತ ಒತ್ತಿದರೂ ಅಂಕಿ ಇಳಿದರೆ ಡಿಶ್ ನೆಟ್ಟಗಿದೆ, ಮುಟ್ಟಬೇಡಿ. ಒಂದು ಕಡೆ ಒತ್ತಿದಾಗ ಏರಿದರೆ ಅದು ಅಷ್ಟು ಜರುಗಿದೆ ಎಂದರ್ಥ.

ಮಳೆಗೆ ಹೋಗುವುದರಲ್ಲಿ ಎರಡು ಬಗೆ. ಜೋರು ಮಳೆ ಸುರಿಯುವಾಗ ಹೋಗಿ, ಮಳೆ ನಿಂತ ಹತ್ತು ನಿಮಿಷದಲ್ಲಿ ಬಂದರೆ ಅದು ಆಕಾಶದ ವಿಷಯ. ಡಿಶ್ಶಿಗೆ ಬರುವ ಕೆಯು ಬ್ಯಾಂಡ್ ಎಂಬ ಕಿರು ರೇಡಿಯೋ ಅಲೆಗಳನ್ನು ದಪ್ಪ ಹನಿಗಳು ನುಂಗಿಬಿಡುತ್ತವೆ. ಚಿತ್ತೆ, ಸ್ವಾತಿ ಮಳೆಯ ಆರ್ಭಟಕ್ಕೆ ಯಾರ ಡಿಶ್ ಆದರೂ ಒಮ್ಮೊಮ್ಮೆ ಸೋಲುತ್ತದೆ; ಸೋನೆ ಮಳೆಗೇ ಸೋತರೆ ಮಾತ್ರ ದಿಕ್ಕು ಜರುಗಿದೆಯೇ ಎಂದು ನೋಡಬೇಕು. ಇನ್ನೊಂದು ಬಗೆ: ಮಳೆ ನಿಂತ ಮೇಲೂ ಬಾರದೆ, ಮಾರನೆಯ ದಿನ ಬಿಸಿಲೇರಿದ ಮೇಲೆ ತಾನಾಗಿ ಬರುವುದು. ಚಳಿಗಾಲದ ಮುಂಜಾನೆ ಇಬ್ಬನಿಗೆ ಹೋಗಿ ಹತ್ತು ಗಂಟೆಗೆ ಬರುವುದೂ ಇದೇ ಜಾತಿ. ಇಲ್ಲಿ ನೀರು ಒಳಹೊಕ್ಕಿದೆ.

ಎಲ್ಲಿ ಹೊಕ್ಕಿದೆ ಎಂದು ನೋಡಲು ಮೊದಲು ಬಾಕ್ಸಿನ ಪ್ಲಗ್ ಕಿತ್ತುಬಿಡಿ. ಎಲ್‌ಎನ್‌ಬಿಗೆ ಬೇಕಾದ 13 ಅಥವಾ 18 ವೋಲ್ಟ್ ಇದೇ ಕೇಬಲಿನಲ್ಲಿ ಮೇಲೇರುತ್ತದೆ. ಕನೆಕ್ಟರ್ ಬಿಚ್ಚುವಾಗ ತಂತಿಗಳು ತಾಕಿದರೆ ಬಾಕ್ಸ್ ಸುಟ್ಟೀತು. ಈಗ ಎಲ್‌ಎನ್‌ಬಿಯ ಬಾಲದ ಕನೆಕ್ಟರ್ ತಿರುಗಿಸಿ ಬಿಚ್ಚಿ, ನಡುವಿನ ತಂತಿಯನ್ನು ಬೆಳಕಿಗೆ ಹಿಡಿಯಿರಿ. ಅದು ಹೊಳೆಯಬೇಕು. ಹಸಿರು ಕಿಲುಬು ಹತ್ತಿದ್ದರೆ, ಕಪ್ಪಾಗಿದ್ದರೆ, ಕಳ್ಳ ಸಿಕ್ಕಿದ. ಕನೆಕ್ಟರಿನ ಹಿಂದಿನ ಸಿಪ್ಪೆಯನ್ನು ಒಂದು ಗೇಣು ಸುಲಿದು ನೋಡಿ: ದೀಪದ ಬತ್ತಿ ಎಣ್ಣೆ ಹೀರುವ ಹಾಗೆ ಜಾಲರಿ ತಂತಿ ನೀರನ್ನು ಒಳಗೊಳಗೇ ಎಳೆದುಕೊಂಡಿರುತ್ತದೆ. ಒರೆಸಿ ಹಾಕಿದರೆ ಪ್ರಯೋಜನವಿಲ್ಲ. ಹೊಳೆಯುವ ತಂತಿ ಸಿಗುವವರೆಗೆ ಕತ್ತರಿಸಿ, ಹೊಸ ಕನೆಕ್ಟರ್ ಹಾಕಿ. ನಡುತಂತಿ ಕನೆಕ್ಟರಿನ ಬಾಯಿಯಿಂದ ಒಂದೆರಡು ಮಿಲಿಮೀಟರ್ ಹೊರಗಿರಲಿ. ಜಾಲರಿಯ ಒಂದು ಎಳೆಯೂ ಅದಕ್ಕೆ ತಾಕಬಾರದು. ಕೇಬಲ್ ಎಲ್‌ಎನ್‌ಬಿಗೆ ಸೇರುವ ಮುನ್ನ ಕೆಳಗೆ ಒಂದು ಜೋಲು ಬಿಡಿ. ನೀರು ಅಲ್ಲಿಂದ ತೊಟ್ಟಿಕ್ಕುತ್ತದೆ, ಕನೆಕ್ಟರಿಗೆ ಹೋಗುವುದಿಲ್ಲ. ಕೇಬಲ್ ಉದ್ದಕ್ಕೂ ಕೈಯಾಡಿಸಿಕೊಂಡು ಬನ್ನಿ. ಅಳಿಲು ಕಡಿದ ಜಾಗ, ಮೋಟುಗೋಡೆಯ ಅಂಚಿಗೆ ಉಜ್ಜಿ ಸವೆದ ಜಾಗ, ಯಾರೋ ಎರಡು ತುಂಡು ಹೊಸೆದು ಇನ್ಸುಲೇಷನ್ ಟೇಪು ಸುತ್ತಿದ ಜಾಗ ಬೆರಳಿಗೆ ಸಿಗುತ್ತವೆ. ಹೊಸೆದ ಜಾಯಿಂಟು ಕರೆಂಟಿನ ತಂತಿಗೆ ನಡೆದೀತು, ಇದಕ್ಕಲ್ಲ.

ನಡುಮಧ್ಯಾಹ್ನ ಮಾತ್ರ ಹೋಗಿ ಸಂಜೆ ತಣ್ಣಗಾದ ಮೇಲೆ ಬಂದರೆ ಎಲ್‌ಎನ್‌ಬಿಯ ಮೇಲೆ ಅನುಮಾನ ಪಡಿ. ಬಿಸಿಲಿಗೆ ಅದರ ಬಿಳಿ ಮುಚ್ಚಳ ಬಿರುಕು ಬಿಟ್ಟಿರುತ್ತದೆ, ಒಳಗಿನ ಬೆಸುಗೆ ಸಡಿಲಾಗಿರುತ್ತದೆ. ಮುಚ್ಚಳದ ಮೇಲೆ ಕಣಜ ಕಟ್ಟಿದ ಮಣ್ಣಿನ ಗೂಡಿದ್ದರೆ ಕೆರೆದು ತೆಗೆಯಿರಿ. ಎಲ್‌ಎನ್‌ಬಿ ರಿಪೇರಿ ಮಾಡುವ ವಸ್ತುವಲ್ಲ, ಬದಲಿಸುವ ವಸ್ತು.

ರಾತ್ರಿ ಹೊತ್ತು, ಇಲ್ಲವೇ ಮೋಟಾರು ಹಾಕಿದಾಗ ಹೋದರೆ ತಾರಸಿ ಹತ್ತುವುದೇ ಬೇಡ. ಬಾಕ್ಸಿನ ಅಡಾಪ್ಟರ್ ಮುದಿಯಾಗಿರಬಹುದು. ಮೀಟರಿನಲ್ಲಿ 12 ವೋಲ್ಟ್ ತೋರಿಸಿ, ಬಾಕ್ಸಿಗೆ ಸಿಕ್ಕಿಸಿದೊಡನೆ ಕುಸಿಯುವ ಅಡಾಪ್ಟರ್‌ಗಳನ್ನು ನಾನು ಡಬ್ಬಿ ತುಂಬ ಇಟ್ಟಿದ್ದೇನೆ. ಪಕ್ಕದ ಮನೆಯವರ ಬಾಕ್ಸ್ ಮತ್ತು ಅಡಾಪ್ಟರನ್ನು ಒಂದು ರಾತ್ರಿ ಕೇಳಿ ತನ್ನಿ. ಅದರಲ್ಲೂ ಹೋದರೆ ನಿಮ್ಮ ಬಾಕ್ಸ್ ನಿರಪರಾಧಿ. ಇನ್ನೂ ಖಾತ್ರಿ ಬೇಕಾದರೆ ಟಿವಿ, ಬಾಕ್ಸ್ ಎರಡನ್ನೂ ತಾರಸಿಗೇ ಹೊತ್ತು, ಎರಡು ಮೀಟರ್ ಹೊಸ ಕೇಬಲಿನಿಂದ ನೇರವಾಗಿ ಎಲ್‌ಎನ್‌ಬಿಗೆ ಸೇರಿಸಿ. ಅಲ್ಲಿ ಗಟ್ಟಿಯಾಗಿ ನಿಂತರೆ ತಪ್ಪು ಹಳೆಯ ಕೇಬಲಿನದು.

ಇಷ್ಟಾದ ಮೇಲೂ ಡಿಶ್ ಜರುಗಿದೆ ಎಂದು ಖಚಿತವಾದರೆ ಮಾತ್ರ ತಿರುಗಿಸಿ. ಮೊದಲು ಕಂಬಕ್ಕೆ ತೂಗುಗುಂಡು ಬಿಟ್ಟು ನೋಡಿ; ಕಂಬ ವಾಲಿದ್ದರೆ ಡಿಶ್ಶಿನ ಹಿಂದಿನ ಡಿಗ್ರಿ ಗುರುತುಗಳಿಗೆ ಅರ್ಥವಿಲ್ಲ. ಈಗಿರುವ ಜಾಗಕ್ಕೆ ಸೀಮೆಸುಣ್ಣದಿಂದ ಗೆರೆ ಎಳೆಯಿರಿ. ನಟ್ಟುಗಳನ್ನು ಪೂರ್ತಿ ಬಿಚ್ಚದೆ, ಬಿಗಿಯಾಗಿ ಜಾರುವಷ್ಟು ಮಾತ್ರ ಸಡಿಲಿಸಿ. ಒಂದು ಸಲಕ್ಕೆ ಅರ್ಧ ಸೆಂಟಿಮೀಟರ್ ಸರಿಸಿ, ಐದಾರು ಸೆಕೆಂಡ್ ಕಾಯಿರಿ. ಬಾಕ್ಸ್ ತಡವಾಗಿ ಉತ್ತರ ಕೊಡುತ್ತದೆ. ಎಡ–ಬಲ ಮುಗಿಸಿ, ಆಮೇಲೆ ಮೇಲೆ–ಕೆಳಗೆ. ಕೊನೆಯಲ್ಲಿ ಎಲ್‌ಎನ್‌ಬಿಯನ್ನು ಹಿಡಿಕೆಯಲ್ಲೇ ಸ್ವಲ್ಪ ತಿರುಚಿ ನೋಡಿ, ಅಂಕಿ ಇನ್ನಷ್ಟು ಏರಬಹುದು. ಬಿಗಿ ಮಾಡುವಾಗ ನಟ್ಟು ಡಿಶ್ಶನ್ನು ಎಳೆದುಕೊಳ್ಳುತ್ತದೆ, ಆದ್ದರಿಂದ ಬಿಗಿದ ಮೇಲೆ ಅಂಕಿ ಮತ್ತೊಮ್ಮೆ ಓದಿಸಿ. ವಿದ್ಯುತ್ ತಂತಿ ಹತ್ತಿರವಿದ್ದರೆ ಕಬ್ಬಿಣದ ಕಂಬ ಎತ್ತುವುದು ಬೇಡ. ಗುಡುಗು ಕೇಳಿದರೆ ಕೆಳಗಿಳಿಯಿರಿ.

ಕೊನೆಗೆ ಏಪ್ರಿಲ್ ತಿಂಗಳ ದೂರು. ಚಂದನ ಚೆನ್ನಾಗಿ ಬರುತ್ತಿದೆ, ಇನ್ನೊಂದು ಚಾನೆಲ್ ಮಾತ್ರ ಇಲ್ಲ ಎಂದರೆ ಡಿಶ್ಶಿನ ಹತ್ತಿರ ಸುಳಿಯಬೇಡಿ. ಖಾಸಗಿ ಚಾನೆಲ್‌ಗಳಿಗೆ ದೂರದರ್ಶನ ನಡೆಸುವ ಪ್ರಸಾರ ಭಾರತಿ ಹರಾಜಿನಲ್ಲಿ ಜಾಗ ಕೊಡುತ್ತದೆ. ಆ ಲೆಕ್ಕ ಏಪ್ರಿಲ್ 1ಕ್ಕೆ ಬದಲಾಗುತ್ತದೆ. ಬಾಕ್ಸಿನಲ್ಲಿ ಹೊಸದಾಗಿ ಸ್ಕ್ಯಾನ್ ಮಾಡಿ. ಹಳೆಯ ಬಾಕ್ಸ್ ಆದರೆ, ಚಿತ್ರವನ್ನು ಹೊಸ ಬಗೆಯಲ್ಲಿ ಅಡಕಗೊಳಿಸಿ ಕಳಿಸುವ ಎಂಪೆಗ್-4 ಚಾನೆಲ್‌ಗಳು ಅದಕ್ಕೆ ಸಿಗುವುದಿಲ್ಲ, ಅದಕ್ಕೆ ಹೊಸ ಬಾಕ್ಸೇ ಬೇಕು. ಹೊಸ ಬಾಕ್ಸಿನಲ್ಲೂ ಕಾಣದಿದ್ದರೆ ಆ ಚಾನೆಲ್ ಫ್ರೀ ಡಿಶ್ ಬಿಟ್ಟು ಹೋಗಿದೆ. ಅದನ್ನು ವಾಪಸು ತರಿಸುವುದು ನನ್ನಿಂದಲೂ ಆಗದು.