ಕನ್ನಡಕವಿಲ್ಲದ ಎದುರಾಳಿ

ಉಡುಪಿಯ ನಮ್ಮ ಭಾನುವಾರದ ಬ್ರಿಜ್ (ಇಬ್ಬಿಬ್ಬರು ಜೊತೆಯಾಗಿ ನಾಲ್ವರು ಆಡುವ ಎಲೆಯಾಟ) ಕೂಟಕ್ಕೆ ನಿವೃತ್ತ ಬ್ಯಾಂಕ್ ಮ್ಯಾನೇಜರರೊಬ್ಬರು ಬರುತ್ತಾರೆ. ಕೈಯಲ್ಲಿ ರಾಣಿ ಇದ್ದು ಸಂಕಟವಾದರೆ ಕನ್ನಡಕ ಸರಿಪಡಿಸಿಕೊಳ್ಳುತ್ತಾರೆ. ಅವರೆದುರು ನಾನು ಎಲೆ ಎಣಿಸುವುದಿಲ್ಲ, ಕನ್ನಡಕ ನೋಡುತ್ತೇನೆ. ಆಟಿ ತಿಂಗಳ ಮಳೆಗೆ ಕೂಟ ನಿಂತು, ಮೊಬೈಲಿನಲ್ಲಿ ಕಂಪ್ಯೂಟರ್ ಜೊತೆ ಆಡತೊಡಗಿದ ಮೇಲೆ ನನ್ನ ಈ ಸೋಮಾರಿತನ ಬಯಲಾಯಿತು.

ಕರೆಂಟು ಹೋಗಿದ್ದ ಒಂದು ರಾತ್ರಿ ನನಗೆ ಬಂದ ಎಲೆಗಳಿವು: ಇಸ್ಪೀಟು ಎಕ್ಕ, ರಾಜ, 5, ಆಟಿನ್ ಎಕ್ಕ, 7, 4, ಡೈಮಂಡ್ ರಾಜ, 10, 6, 3, ಕಳಾವರ್ ಎಕ್ಕ, ರಾಣಿ, 5. ಎಕ್ಕಕ್ಕೆ 4, ರಾಜನಿಗೆ 3, ರಾಣಿಗೆ 2ರಂತೆ ಒಟ್ಟು 20 ಪಾಯಿಂಟ್. ಎರಡು ನೋ ಟ್ರಂಪ್ ಎಂದೆ, ಅಂದರೆ ತುರುಫಿಲ್ಲದೆ ಎಂಟು ಟ್ರಿಕ್ (ನಾಲ್ವರೂ ಒಂದೊಂದು ಎಲೆ ಹಾಕುವ ಸುತ್ತು) ಗೆಲ್ಲುವೆನೆಂದು. ಜೊತೆಗಾರ, ಅದೂ ಕಂಪ್ಯೂಟರೇ, ಸೀದಾ ಆರಕ್ಕೆ ಹಾರಿತು. ಡಮ್ಮಿಯಲ್ಲಿ, ಅಂದರೆ ತೆರೆದಿಟ್ಟು ನಾನೇ ಆಡಿಸುವ ಜೊತೆಗಾರನ ಕೈಯಲ್ಲಿ, ಇಸ್ಪೀಟು ರಾಣಿ, 6, 2. ಆಟಿನ್ ರಾಜ, 5, 3. ಡೈಮಂಡ್ ಎಕ್ಕ, ಗುಲಾಮ, 9, 4. ಕಳಾವರ್ ರಾಜ, 7, 3. ಬೇಕಾದದ್ದು 13ರಲ್ಲಿ 12 ಟ್ರಿಕ್, ಖಚಿತವಾಗಿ ಇರುವುದು 10. ಡೈಮಂಡ್‌ನಲ್ಲಿ ನಾಲ್ಕೂ ನನಗೇ ಬರಬೇಕು. ಹೊರಗಿರುವ ಅದರ ರಾಣಿ ಯಾವ ಎದುರಾಳಿಯಲ್ಲಿದ್ದರೂ ಹಿಡಿಯಬಹುದು, ಆದರೆ ಯಾರಲ್ಲಿದೆಯೆಂದು ಮೊದಲೇ ಊಹಿಸಬೇಕು, ಅದೇ ತೊಂದರೆ.

ನನ್ನ ಎಡಗಡೆಯ ಎದುರಾಳಿ ಪಶ್ಚಿಮ, ಬಲಗಡೆಯದು ಪೂರ್ವ. ಪಶ್ಚಿಮ ಆಟಿನ್ ರಾಣಿ ಇಳಿಸಿತು. ಹೇಗೂ ಒಂದು ಬಿಟ್ಟುಕೊಡಬಹುದು, ಈಗಲೇ ಹೋಗಲಿ ಎಂದು ಬಿಟ್ಟೆ. ಮತ್ತೆ ಗುಲಾಮ ಬಂತು. ಡಮ್ಮಿಯ ರಾಜನಿಂದ ಹಿಡಿದು, ನನ್ನ ಎಕ್ಕವನ್ನೂ ಆಡಿದೆ. ಪೂರ್ವ ಸಣ್ಣ ಕಳಾವರ್ ಎಸೆಯಿತು. ಅಂದರೆ ಪಶ್ಚಿಮದಲ್ಲಿ ಐದು ಆಟಿನ್, ಪೂರ್ವದಲ್ಲಿ ಎರಡೇ.

ಅಂಥ ಸಣ್ಣ ಎಲೆಯಲ್ಲಿ ಸಂಕೇತ ಹುಡುಕಿ ಹಿಂದೆ ಹಲವು ಸಲ ಕೆಟ್ಟಿದ್ದೇನೆ. 1998ರ ಕಂಪ್ಯೂಟರ್ ಬ್ರಿಜ್ ವಿಶ್ವ ಚಾಂಪಿಯನ್‌ಶಿಪ್ ಗೆದ್ದ ಜಿಐಬಿಯಂಥ ಪ್ರೋಗ್ರಾಂ, ಕಾಣದ ಎಲೆಗಳನ್ನು ಬಿಡ್‌ಗಳಿಗೆ (ಆಟಕ್ಕೆ ಮೊದಲು ಕೂಗಿದ ಮಾತುಗಳಿಗೆ) ಹೊಂದುವಂತೆ ಮತ್ತೆ ಮತ್ತೆ ಹಂಚಿ, ಪ್ರತಿ ಹಂಚಿಕೆಯನ್ನೂ ನಾಲ್ಕೂ ಕೈ ತೆರೆದಿಟ್ಟಂತೆ ಬಿಡಿಸಿ ನೋಡುತ್ತದೆ. ಅದರ ಲೆಕ್ಕದಲ್ಲಿ ನಾನೂ ಎಲ್ಲ ಎಲೆ ಕಂಡವನೇ. ಹಾಗಿರುವಾಗ ರಾಣಿಯನ್ನು ಬಚ್ಚಿಡುವ ಗೋಜು ಅದಕ್ಕೇಕೆ? ತಡವರಿಸುವುದೂ ಇಲ್ಲ. ಉಳಿದದ್ದು ಎಣಿಕೆ ಒಂದೇ.

ಇಸ್ಪೀಟು ಮೂರು ಸುತ್ತು ಆಡಿದೆ. ಇಬ್ಬರೂ ಮೂರೂ ಸಲ ಇಸ್ಪೀಟೇ ಹಾಕಿದರು. ಕಳಾವರ್ ಮೂರು ಸುತ್ತು, ಕೊನೆಯದು ಡಮ್ಮಿಯ ರಾಜನಿಂದ, ಅಲ್ಲಿಯೂ ಹಾಗೆಯೇ. ಎಸೆದದ್ದೂ ಸೇರಿ ಪೂರ್ವದಲ್ಲಿ ನಾಲ್ಕು ಕಳಾವರ್ ಇದ್ದವು, ಅಲ್ಲಿಗೆ ಆ ಬಣ್ಣ ಮುಗಿಯಿತು.

ಈಗ ಎಲ್ಲರ ಬಳಿ ನಾಲ್ಕು ನಾಲ್ಕು ಎಲೆ. ಪಶ್ಚಿಮದ ನಾಲ್ಕರಲ್ಲಿ ಎರಡು ಆಟಿನ್. ಮಿಕ್ಕ ಎರಡು? ಹೊರಗಿರುವ ಒಂದೇ ಇಸ್ಪೀಟು ಅಲ್ಲಿದ್ದರೆ ಡೈಮಂಡ್ ಒಂದು, ಇಲ್ಲದಿದ್ದರೆ ಎರಡು. ಹೊರಗಿನ ಐದು ಡೈಮಂಡ್‌ಗಳಲ್ಲಿ ಪೂರ್ವದ ಪಾಲು ಮೂರು ಅಥವಾ ನಾಲ್ಕು. ಬೆರಳು ಮಡಚಿ ಎರಡು ಸಲ ಎಣಿಸಿದೆ. ಡೈಮಂಡ್ ಹೆಚ್ಚಿದ್ದಲ್ಲೇ ಅದರ ರಾಣಿ ಇರುವ ಸಂಭವ ಹೆಚ್ಚು. ಖಾತ್ರಿಯಲ್ಲ, ಆದರೆ ತೂಕ ಪೂರ್ವದ ಕಡೆಗೇ.

ಮೊದಲು ಡಮ್ಮಿಯ ಎಕ್ಕ, ಪಶ್ಚಿಮದಲ್ಲಿ ರಾಣಿ ಒಂಟಿಯಾಗಿದ್ದರೆ ಬೀಳಲಿ ಎಂದು. ಪೂರ್ವದಿಂದ 2, ಪಶ್ಚಿಮದಿಂದ 5. ಬಳಿಕ ಗುಲಾಮ. ಪೂರ್ವ 7 ಹಾಕಿತು. ನನ್ನ ಬೆರಳು ರಾಜನ ಮೇಲೆ ಒಂದು ಕ್ಷಣ ನಿಂತಿತು, 6 ಒತ್ತಿದೆ. ಪಶ್ಚಿಮದಿಂದ ಬಿದ್ದದ್ದು ಆ ಕೊನೆಯ ಇಸ್ಪೀಟು. ಡಮ್ಮಿಯಿಂದ 9, ಪೂರ್ವದ 8, ನನ್ನ 10. ಕೊನೆಗೆ ರಾಜ ಇಳಿಸಿದಾಗ ಅದರಡಿಗೆ ರಾಣಿ ತಾನಾಗಿ ಬಂದು ಬಿತ್ತು.