ಮಂಚದಿಂದ ವೀಲ್‌ಚೇರಿಗೆ: ಎತ್ತಬೇಡಿ, ಏಳಲು ಬಿಡಿ

ನಡೆಯಲು ಕಷ್ಟಪಡುವ ಹಿರಿಯರನ್ನು ಮಂಚದಿಂದ ವೀಲ್‌ಚೇರಿಗೆ ಕೂರಿಸಬೇಕು. ಮನೆಯವರು ಏನು ಮಾಡುತ್ತಾರೆ? ಎರಡೂ ಕಂಕುಳಿಗೆ ಕೈ ಹಾಕಿ ಮೇಲಕ್ಕೆತ್ತುತ್ತಾರೆ. ಇದನ್ನು ನೋಡಿ ನೋಡಿ ಸಾಕಾಗಿದೆ. ಅವರ ಭುಜಕ್ಕೂ ಪೆಟ್ಟು, ನಿಮ್ಮ ಸೊಂಟಕ್ಕೂ ಪೆಟ್ಟು. ಲಕ್ವ ಹೊಡೆದವರಲ್ಲಂತೂ ಸೋತ ಕಡೆಯ ಭುಜದ ಕೀಲು ಸಡಿಲವಾಗಿರಬಹುದು. ಆ ಕೈಯನ್ನು ಎಳೆಯಲೇಬಾರದು.

ಮೊದಲು ವೀಲ್‌ಚೇರನ್ನು ಅವರಿಗೆ ಬಲವಿರುವ ಕಡೆ, ಮಂಚಕ್ಕೆ ತುಸು ಓರೆಯಾಗಿ ತಾಗಿಸಿ ಇಡಿ. ಎರಡೂ ಬ್ರೇಕ್ ಹಾಕಿ, ಕಾಲಿಡುವ ಪಟ್ಟಿಗಳನ್ನು ಪಕ್ಕಕ್ಕೆ ಸರಿಸಿ. ಕಾಲಿಗೆ ಹಿಮ್ಮಡಿ ಮುಚ್ಚುವ ಶೂ ಇರಲಿ. ತಳದಲ್ಲಿ ರಬ್ಬರ್ ಚುಕ್ಕೆ ಇರುವ ‘ಜಾರದ ಕಾಲುಚೀಲ’ ನನಗೆ ಸರಿಬರುವುದಿಲ್ಲ. ಚುಕ್ಕೆ ಸವೆದಿದ್ದು ಗೊತ್ತಾಗುವುದೇ ಜಾರಿದ ಮೇಲೆ.

ಇನ್ನು ಪಕ್ಕಕ್ಕೆ ಹೊರಳಿಸಿ, ಕಾಲು ಕೆಳಗಿಳಿಸಿ, ಬೆನ್ನಿಗೆ ಆಸರೆ ಕೊಟ್ಟು ಕೂರಿಸಿ. ಕೂರಿಸಿದ ತಕ್ಷಣ ಎಬ್ಬಿಸಬೇಡಿ. ಮಲಗಿದ್ದವರು ಎದ್ದಾಗ ಬಿಪಿ ದಿಢೀರ್ ಇಳಿದು ತಲೆ ಸುತ್ತಬಹುದು. ಬಿಪಿ ಮಾತ್ರೆ ತೆಗೆದುಕೊಳ್ಳುವವರಲ್ಲಿ ಇದು ಇನ್ನೂ ಜಾಸ್ತಿ. ಒಂದೆರಡು ನಿಮಿಷ ಕೂರಲಿ, ಪಾದ ಮೇಲೆ ಕೆಳಗೆ ಆಡಿಸಲಿ. ‘ತಲೆ ಸುತ್ತುತ್ತಿದೆಯಾ?’ ಎಂದು ಕೇಳಿ. ಹೌದು ಎಂದರೆ ಮತ್ತೆ ಮಲಗಿಸಿ.

ಎಲ್ಲರೂ ಎಡವುವುದು ಏಳಿಸುವಾಗ. ಅವರು ಮಂಚದ ಅಂಚಿಗೆ ಸರಿದು ಕೂರಬೇಕು. ಪಾದಗಳು ನೆಲಕ್ಕೆ ಪೂರ್ತಿ ಊರಿರಬೇಕು, ಮಂಡಿಗಿಂತ ಸ್ವಲ್ಪ ಹಿಂದಿರಬೇಕು. ಆಮೇಲೆ ಮೂಗು ಕಾಲ್ಬೆರಳುಗಳ ನೇರಕ್ಕೆ ಬರುವಷ್ಟು ಮುಂದೆ ಬಾಗಬೇಕು. ನೆಟ್ಟಗೆ ಕೂತವರು ನೆಟ್ಟಗೇ ಏಳಲು ಆಗುವುದಿಲ್ಲ. ಬೇಕಾದರೆ ಈಗಲೇ ನೀವೇ ಪ್ರಯತ್ನಿಸಿ. ಮೈಭಾರ ಪಾದದ ಮೇಲೆ ಬಂದರಷ್ಟೇ ಸೊಂಟ ಮೇಲೇಳುತ್ತದೆ. ಆದರೆ ಸಹಾಯಕ್ಕೆ ಬಂದವರು ಎದೆಗೆ ಎದೆ ತಾಗುವಂತೆ ನಿಂತು ಬಾಗಲು ಜಾಗವನ್ನೇ ಬಿಡುವುದಿಲ್ಲ. ಕೊನೆಗೆ ‘ಅಮ್ಮ ಏಳೋಕೆ ಮನಸ್ಸೇ ಮಾಡಲ್ಲ’ ಎಂಬ ದೂರು ಬೇರೆ!

ನೀವು ಸೋತ ಕಡೆಗೆ ತುಸು ಓರೆಯಾಗಿ ನಿಲ್ಲಿ. ನಿಮ್ಮ ಮಂಡಿ ಮಡಿಸಿರಲಿ, ಬೆನ್ನು ನೆಟ್ಟಗಿರಲಿ. ಅವರ ಸೋತ ಮಂಡಿಗೆ ನಿಮ್ಮ ಮಂಡಿಯನ್ನು ಅಡ್ಡ ಕೊಡಿ, ಕುಸಿಯುವುದಿಲ್ಲ. ಹಿಡಿಯುವುದು ಸೊಂಟವನ್ನು, ಕೈಯನ್ನಲ್ಲ. ಅವರ ಕೈ ಮಂಚವನ್ನು ಒತ್ತಲಿ. ನಿಮ್ಮ ಕುತ್ತಿಗೆಗೆ ಜೋತುಬೀಳಲು ಮಾತ್ರ ಬಿಡಬೇಡಿ. ಅವರ ಸೊಂಟಕ್ಕೆ ಕಟ್ಟಿ ಹಿಡಿಯಲು ಹಿಡಿಕೆ ಇರುವ ಬೆಲ್ಟ್ ಸಿಗುತ್ತದೆ, ಕೊಳ್ಳಿ. ಬಕಲ್ ಇರುವುದೇ ಬೇಕು. ಬರೀ ವೆಲ್ಕ್ರೋ ಅಂಟಿಸಿದ್ದನ್ನು ನಾನು ನಂಬುವುದಿಲ್ಲ. ಹೊಟ್ಟೆಯ ಆಪರೇಷನ್ ಆಗಿದ್ದರೆ ಡಾಕ್ಟರನ್ನು ಕೇಳದೆ ಬೆಲ್ಟ್ ಕಟ್ಟಬೇಡಿ. ‘ಒಂದು, ಎರಡು, ಮೂರು’ ಎನ್ನಿ. ಮೂರಕ್ಕೆ ಏಳುವವರು ಅವರು. ನೀವು ಮುಂದಕ್ಕೆ ದಾರಿ ತೋರಿಸುವುದಷ್ಟೇ. ಅವರು ನಿಧಾನ ಮಾಡಿದರೆ ಸುಮ್ನೆ ಕಾಯಿರಿ.

ನಿಂತ ಮೇಲೆ ಸೊಂಟ ತಿರುಚದೆ ಸಣ್ಣ ಸಣ್ಣ ಹೆಜ್ಜೆ ಇಟ್ಟು ತಿರುಗಿ. ಕುರ್ಚಿಯ ಅಂಚು ಅವರ ಕಾಲಿನ ಹಿಂಭಾಗಕ್ಕೆ ತಾಗಬೇಕು, ಕೈ ಕುರ್ಚಿಯ ಹಿಡಿ ಮುಟ್ಟಬೇಕು. ಆಮೇಲೆಯೇ ನಿಧಾನವಾಗಿ ಕೂರಿಸಿ.

ನಡುವೆ ಕುಸಿದರೆ ಎತ್ತಿಹಿಡಿಯಲು ಹೋಗಬೇಡಿ, ಇಬ್ಬರೂ ಬೀಳುತ್ತೀರಿ. ಮೈಗೆ ಆನಿಸಿಕೊಂಡು ನಿಧಾನಕ್ಕೆ ನೆಲಕ್ಕೆ ಇಳಿಸಿ, ತಲೆ ಕಾಪಾಡಿ. ಕಾಲಿಗೆ ಭಾರ ಕೊಡಲು ಆಗದವರಿಗೆ ಈ ವಿಧಾನ ಅಲ್ಲವೇ ಅಲ್ಲ. ಅವರಿಗೆ ಎತ್ತುವ ಯಂತ್ರ ಬೇಕು. ಅದನ್ನು ಬಳಸುವುದನ್ನು ಫಿಸಿಯೋಥೆರಪಿಸ್ಟ್ ಎದುರಿಗೇ ಕಲಿಯಿರಿ, ವಿಡಿಯೋ ನೋಡಿ ಅಲ್ಲ.