ಹಸೂಗೆ ಮೇಲ್ಗಡೆ ಹಲ್ಲಿಲ್ಲ ಮಿಸ್

ಎರಡನೇ ತರಗತಿಗೆ ‘ಹಸುವಿನ ಬಗ್ಗೆ ಬರೆಯಿರಿ’ ಅಂದರೆ ಇಪ್ಪತ್ತೆರಡು ಪುಸ್ತಕದಲ್ಲೂ ಒಂದೇ ಬರಹ: ‘ಹಸು ಸಾಕುಪ್ರಾಣಿ. ಅದಕ್ಕೆ ನಾಲ್ಕು ಕಾಲು, ಎರಡು ಕಣ್ಣು, ಒಂದು ಬಾಲ ಇದೆ.’ ನಾನೂ ಅದನ್ನೇ ಬರೆದು ಪಾಸಾದವಳು. ಒಂದು ದಿನ, ಬೆಳಗ್ಗೆ ಕೊಟ್ಟಿಗೆ ಬಾಚಿ ಶಾಲೆಗೆ ಬರುವ ಹುಡುಗಿಯನ್ನು ಕೇಳಿದೆ: “ನನಗೆ ಗೊತ್ತಿಲ್ಲದ್ದು ಏನಾದರೂ ಹೇಳು.”

“ಹಸೂಗೆ ಮೇಲ್ಗಡೆ ಮುಂದಿನ ಹಲ್ಲೇ ಇಲ್ಲ ಮಿಸ್.”

ಎಲ್ಲರೂ ನಕ್ಕರು. ಸಂಜೆ ಅವರ ಮನೆಗೇ ಹೋದೆವು. ಅವಳ ಅಪ್ಪ ಹಸುವಿನ ತುಟಿ ಎತ್ತಿ ತೋರಿಸಿದರು. ಕೆಳಗೆ ಎಂಟು ಹಲ್ಲು, ಮೇಲೆ ಬರೀ ಗಟ್ಟಿ ವಸಡು.

ಆಮೇಲಿಂದ ಮಾಹಿತಿ ಬರಹಕ್ಕೆ ಹುಲಿ, ವಿಮಾನ ಕೊಡುವುದನ್ನು ಬಿಟ್ಟೆ. ಮಗು ದಿನಾ ನೋಡುವ ವಸ್ತುವನ್ನೇ ಆರಿಸಿ. ಮೊದಲ ದಿನ ಪೆನ್ಸಿಲ್ ಬೇಡ, ಬರೀ ಮಾತು. ಮಕ್ಕಳು ಹೇಳಿದ್ದನ್ನು ಅವರ ಮಾತಲ್ಲೇ ಬೋರ್ಡಿಗೆ ಹಾಕಿ.

ಮರುದಿನ ಚಿತ್ರ. ಹಸು ಬರೆದು, ಗೆರೆ ಎಳೆದು ಹೆಸರು: ಕೊಂಬು, ಕೆಚ್ಚಲು, ಗೊರಸು. ಕುತ್ತಿಗೆ ಕೆಳಗೆ ಜೋಲುವುದಕ್ಕೆ ಏನನ್ನುತ್ತಾರೆ ಅಂತ ಅಜ್ಜಿಯನ್ನು ಕೇಳಿ ಬರಲಿ, ‘ಗಂಗೆದೊಗಲು’ ಸಿಗುತ್ತದೆ. ಒಂದನೇ ತರಗತಿಯವರಿಗೆ ಇಷ್ಟೇ ಸಾಕು.

ದೊಡ್ಡವರಿಗೆ ಮೂರನೇ ದಿನ ಹಳೇ ಕ್ಯಾಲೆಂಡರನ್ನು ಉದ್ದುದ್ದ ಪಟ್ಟಿಗಳಾಗಿ ಕತ್ತರಿಸಿ, ಹಿಂಬದಿಯ ಖಾಲಿ ಜಾಗದಲ್ಲಿ ಪಟ್ಟಿಗೊಂದು ಸಂಗತಿ ಬರೆಸಿ. ‘ಹಲ್ಲು’ ಹೋಗಿ ‘ಹಲು’ ಆದರೂ ಆ ಹೊತ್ತಿಗೆ ಕೆಂಪು ಪೆನ್ನು ತೆಗೆಯಬೇಡಿ. ಪ್ರತಿ ಪಟ್ಟಿಗೂ ಒಂದೇ ಪ್ರಶ್ನೆ: “ಪಕ್ಕದ ಮನೆ ಹಸುವಿಗೂ ಇದು ನಿಜವಾ?” ‘ನಮ್ಮ ಗೌರಿ ಮೊನ್ನೆ ಬೇಲಿ ಹಾರಿತು’ ಅನ್ನುವುದು ಕಥೆಯ ಡಬ್ಬಕ್ಕೆ. ‘ನಾಲಿಗೆಯಲ್ಲಿ ಹುಲ್ಲು ಸುತ್ತಿ ಎಳೆಯುತ್ತದೆ’ ಉಳಿಯಿತು. ‘ಹಸು ಒದೆಯುತ್ತದೆ’ ಅನ್ನುವುದಕ್ಕೆ ಮಾತ್ರ ದೊಡ್ಡ ಜಗಳ. ಒದೆ ತಿಂದವರು ಒಂದು ಕಡೆ, ತಿನ್ನದವರು ಇನ್ನೊಂದು ಕಡೆ. ಅರ್ಧ ಗಂಟೆ ಕಳೆದು ಒಬ್ಬ ಹುಡುಗ ಪಟ್ಟಿ ಕಸಿದುಕೊಂಡು ‘ಕೆಲವು ಹಸು ಒದೀತವೆ’ ಅಂತ ತಿದ್ದಿದ. ಆ ‘ಕೆಲವು’ ನಾನು ಹೇಳಿಕೊಟ್ಟಿದ್ದಲ್ಲ. ಇಂಥ ಜಗಳ ಶುರುವಾದರೆ ಗಣಿತದ ಪೀರಿಯಡ್ ಹೋದರೂ ಹೋಗಲಿ, ನಿಲ್ಲಿಸಬೇಡಿ.

ಆಮೇಲೆ ಪಟ್ಟಿಗಳನ್ನು ಗುಂಪು ಮಾಡಿಸಿ: ತಿನ್ನುವುದು, ಮೈ, ಕರು. ಗುಂಪಿಗೊಂದು ಹೆಸರು ಮಕ್ಕಳೇ ಇಡಲಿ. ಅದೇ ತಲೆಬರಹ, ಅದರ ಕೆಳಗೆ ಪಟ್ಟಿ ಅಂಟಿಸಿದರೆ ಪ್ಯಾರಾ.

ನಾಲ್ಕನೇ ದಿನ ಪುಸ್ತಕಕ್ಕೆ ಇಳಿಸುವಾಗ ಕಾಗುಣಿತ, ಒತ್ತಕ್ಷರ ತಿದ್ದಿ. ಬರೆದಾದ ಮೇಲೆ ಪಕ್ಕದವರಿಗೆ ಕೊಡಲಿ. ಓದಿದವರು ‘ಚೆನ್ನಾಗಿದೆ’ ಅನ್ನುವ ಹಾಗಿಲ್ಲ, ಒಂದು ಪ್ರಶ್ನೆ ಕೇಳಲೇಬೇಕು. ಹಲ್ಲಿನ ಹುಡುಗಿಗೆ ಬಂದ ಪ್ರಶ್ನೆ: “ಹಲ್ಲಿಲ್ದೆ ಹೆಂಗೆ ಅಗೀತದೆ?” ಅವಳಿಗೆ ಉತ್ತರ ಗೊತ್ತಿರಲಿಲ್ಲ, ಮುಖ ಸಣ್ಣದಾಯಿತು. ಮರುದಿನ ಪ್ರಾರ್ಥನೆಗೂ ಮೊದಲೇ ನನ್ನ ಮುಂದೆ ನಿಂತಿದ್ದಳು:

“ಒಳಗಡೆ ದವಡೆ ಹಲ್ಲೈತೆ ಮಿಸ್. ಮೇಲೂ ಐತೆ, ಕೆಳಗೂ ಐತೆ. ಬರೀಲಾ?”